ಅರಿಶಿನ ಮಾಸ್ತಾ ಇರೋ ಕಲಾಕೃತಿ: ಮತ್ತೆ ಬಣ್ಣ ಬಳಿಸಬೇಕಾ, ಹಾಗೇ ಬಿಡಬೇಕಾ?

ಸರಸ್ವತಿಪುರಂ ಓದುಗಿ
ಎಲ್ಲರಿಗೂ ನಮಸ್ಕಾರ. ಮಿಶ್ರ ಮಾಧ್ಯಮದ ಒಂದು ಕಲಾಕೃತಿ ವಿಷಯಕ್ಕೆ ನಮ್ಮನೇಲಿ ಜಗಳವೇ ನಡೀತಿದೆ. ಗೊತ್ತಿರೋರು ದಾರಿ ಹೇಳಿ.

ಮೈಸೂರಿನ ಕಲಾಮಂದಿರದ ಗ್ಯಾಲರಿಯಲ್ಲಿ ಕಳೆದ ವರ್ಷ ಕೊಂಡಿದ್ದು. ಮಾಡಿದ್ದು ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಓದಿ ಮುಗಿಸಿರೋ ಹುಡುಗಿ. ಮೂರಡಿ ಅಗಲದ ಪ್ಲೈವುಡ್ ಹಲಗೆ. ಅದರ ಮೇಲೆ ಹಳೇ ಒಂಟಿಕೊಪ್ಪಲ್ ಪಂಚಾಂಗದ ಹಾಳೆಗಳನ್ನ ಉದ್ದಕ್ಕೆ ಮಡಿಕೆ ಮಡಿಕೆಯಾಗಿ ಮಡಚಿ ನಿಲ್ಲಿಸಿ ಅಂಟಿಸಿದ್ದಾಳೆ. ಹಿನ್ನೆಲೆಗೆ ಅಡಿಕೆ ಚೊಗರು (ಅಡಿಕೆ ಬೇಯಿಸಿದ ನೀರು) ಬಳಿದಿದ್ದಾಳೆ. ಮಡಿಕೆಗಳ ಎಡಮುಖಕ್ಕೆ ಅರಿಶಿನ, ಬಲಮುಖಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡಿದ ಅರಿಶಿನ. ಎಡಗಡೆಯಿಂದ ನಡ್ಕೊಂಡು ಬಂದ್ರೆ ಹಳದಿ ಸೂರ್ಯ, ಬಲಗಡೆಯಿಂದ ಬಂದ್ರೆ ಕೆಂಪು ಸೂರ್ಯ, ಎದುರಿಗೆ ನಿಂತ್ರೆ ಪಟ್ಟೆ ಪಟ್ಟೆ. ಸುತ್ತ ಕೆಟ್ಟ ಅಲಾರಂ ಗಡಿಯಾರಗಳ ಚಕ್ರ, ಸ್ಪ್ರಿಂಗು. ಕೆಳಗಡೆ ಬೆಲ್ಲದ ಪಾಕ ಎರೆದು ಗಟ್ಟಿ ಮಾಡಿರೋ ಒಂದು ಪಟ್ಟಿ. ಹೆಸರಿಟ್ಟಿಲ್ಲ.

ಈಗ ಹಳದಿ ಪೂರ್ತಿ ಮಂಕಾಗಿದೆ. ಮಳೆಗಾಲದಲ್ಲಿ ಬೆಲ್ಲ ಬೆವರಿ ಒಂದು ಕಡೆ ಇಳಿದಿದೆ. ಸ್ಪ್ರಿಂಗ್ ಸುತ್ತ ಕಪ್ಪು ಕಲೆ. ನಮ್ಮ ಯಜಮಾನರು, "ಯಾರಾದ್ರೂ ಕಲಾವಿದರನ್ನ ಕರೆಸಿ ಅರಿಶಿನ ಮತ್ತೆ ಬಳಿಸಿ ಗಾಜು ಹಾಕ್ಸೋಣ, ದುಡ್ಡು ಕೊಟ್ಟಿದೀವಿ" ಅಂತಾರೆ. ಆ ಹುಡುಗಿಗೆ ಫೋನ್ ಮಾಡಿದ್ರೆ, "ಮಾಸಲಿ ಬಿಡಿ ಆಂಟಿ, ಮಾಸಲಿ ಅಂತಾನೇ ಮಾಡಿದ್ದು" ಅಂದಳು. ನಂಗೆ ಅದು ಹಾಳಾಗೋದು ನೋಡೋಕೆ ಸಂಕಟ. ಏನ್ ಮಾಡ್ಲಿ?

ಕುಕ್ಕರಹಳ್ಳಿ ವಾಕಿಂಗ್
ಎಲ್ಲಿ ತೂಗು ಹಾಕಿದೀರ ಮೇಡಂ? ಕಿಟಕಿ ಎದುರಿಗಾ?

ಸರಸ್ವತಿಪುರಂ ಓದುಗಿ
ಹೌದು, ಹಾಲ್‌ನಲ್ಲಿ. ಪಶ್ಚಿಮದ ಕಿಟಕಿ. ಸಾಯಂಕಾಲ ಬಿಸಿಲು ನೇರ ಬೀಳುತ್ತೆ.

ಗೆಸ್ಸೊ ಕೆಲಸ
ನಾನು ಮೈಸೂರು ಶೈಲಿ ಚಿತ್ರ ಬರೆಯೋನು, ಖಾರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅರಿಶಿನ ನಿಲ್ಲೋ ಬಣ್ಣ ಅಲ್ಲ ಅಂತ ಕಲಿಯೋ ಹುಡುಗರಿಗೂ ಗೊತ್ತು. ನಮ್ಮಲ್ಲಿ ಹುಣಸೆ ಕಡ್ಡಿ ಇದ್ದಿಲಲ್ಲಿ ರೇಖೆ ಎಳೆಯೋದರಿಂದ ಹಿಡಿದು ಗೆಸ್ಸೊ (ಉಬ್ಬು ಕೆಲಸದ ಲೇಪ) ಎಬ್ಬಿಸಿ ಚಿನ್ನದ ರೇಕು ಕೂರಿಸಿ, ಮೇಲೆ ಕಾಗದ ಇಟ್ಟು ನುಣುಪು ಕಲ್ಲಲ್ಲಿ ಉಜ್ಜೋವರೆಗೆ ಪ್ರತಿ ಹಂತಕ್ಕೂ ಒಂದೇ ಯೋಚನೆ: ಮೊಮ್ಮಕ್ಕಳ ಕಾಲಕ್ಕೂ ಇರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಚಿನ್ನದ ಕೆಲಸ ಇವತ್ತೂ ಹೊಳೀತಿದೆ. ಒಂದೇ ವರ್ಷಕ್ಕೆ ಮಾಸೋದನ್ನ ಮಾಡಿ, ಅದೇ ನನ್ನ ಕಲೆ ಅನ್ನೋದು ಕೊಂಡವರಿಗೆ ಅನ್ಯಾಯ. ಕೆಲಸ ಕಲಿಯದೇ ಇದ್ದದ್ದಕ್ಕೆ ತತ್ವದ ಹೊದಿಕೆ ಹಾಕಬಾರದು.

ಕಾವಾ ಹಳೇ ವಿದ್ಯಾರ್ಥಿನಿ
@ಗೆಸ್ಸೊ ಕೆಲಸ ಸರ್, ನಿಮ್ಮ ಕೆಲಸದ ಮೇಲೆ ಅಪಾರ ಗೌರವ ಇದೆ. ಆದರೆ ಆ ಹುಡುಗಿಗೆ ಕೆಲಸ ಬರಲ್ಲ ಅಂತ ಇದರಿಂದ ಹೇಗೆ ಹೇಳ್ತೀರ? ಮಡಿಕೆ ಎರಡೂ ಮುಖಕ್ಕೆ ಬೇರೆ ಬೇರೆ ಬಣ್ಣ ಹಾಕಿ, ಎರಡು ಕಡೆಯಿಂದ ಎರಡು ಸೂರ್ಯ ಕಾಣೋ ಹಾಗೆ ವೃತ್ತ ಕೂರಿಸೋದು ಲೆಕ್ಕದ ಕೆಲಸ. ಒಂದು ಮಡಿಕೆ ತಪ್ಪಿದ್ರೂ ವೃತ್ತ ಮೊಟ್ಟೆ ಆಗುತ್ತೆ.

ಸಾಮಗ್ರಿ ಬದಲಾಗೋದನ್ನೇ ವಿಷಯ ಮಾಡಿಕೊಂಡ ದೊಡ್ಡ ಕಲಾವಿದರು ತುಂಬಾ ಜನ ಇದ್ದಾರೆ. ಇವಾ ಹೆಸ್ಸೆ 1960ರ ದಶಕದಲ್ಲಿ ರಬ್ಬರ್ ಹಾಲಿನಲ್ಲಿ ಶಿಲ್ಪ ಮಾಡಿದರು. ಅದು ಗಟ್ಟಿಯಾಗಿ, ಬಣ್ಣ ತಿರುಗಿ, ಪುಡಿಯಾಗುತ್ತೆ ಅಂತ ಅವರಿಗೇ ಗೊತ್ತಿತ್ತು. ಈಗ ಮ್ಯೂಸಿಯಂಗಳು ಅದಕ್ಕೆ ತಲೆ ಕೆಡಿಸಿಕೊಂಡಿವೆ. ಪೋಲೆಂಡಿನ ರೋಮನ್ ಒಪಾಲ್ಕಾ 1965ರಲ್ಲಿ ಕ್ಯಾನ್ವಾಸ್ ಮೇಲೆ 1ರಿಂದ ಅಂಕಿ ಬರೆಯೋಕೆ ಶುರು ಮಾಡಿ 2011ರಲ್ಲಿ ಸಾಯೋವರೆಗೂ ಬರೆದರು, 56 ಲಕ್ಷ ದಾಟಿತ್ತು. ಹೋಗ್ತಾ ಹೋಗ್ತಾ ಹಿನ್ನೆಲೆ ಬಣ್ಣ ಬಿಳುಪು ಮಾಡ್ತಾ ಬಂದರು, ಕೊನೆಗೆ ಬಿಳಿ ಮೇಲೆ ಬಿಳಿ ಅಂಕಿ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದಲ್ಲೇ ಸಗಣಿ, ಕುಂಕುಮ, ದಾರ ತಗೊಂಡು ಕೆಲಸ ಮಾಡಿದೋರು. ಇವರ್ಯಾರಿಗೂ ಕೆಲಸ ಬರ್ತಿರಲಿಲ್ಲ ಅನ್ನೋಕಾಗುತ್ತಾ?

ಅಗ್ರಹಾರ ಸರ್ಕಲ್
ಇದರಲ್ಲಿ ಗೊಂದಲ ಏನಿದೆ? ರಂಗೋಲಿ ದಿನಾ ಹಾಕ್ತೀವಿ, ದಿನಾ ಅಳಿಸುತ್ತೆ. ಗಣಪತಿ ತರ್ತೀವಿ, ನೀರಿಗೆ ಬಿಡ್ತೀವಿ. ನಮ್ಮಲ್ಲಿ ಇದು ಹೊಸದಲ್ಲ. ಬಿಟ್ಬಿಡಿ ಮೇಡಂ.

ಗೆಸ್ಸೊ ಕೆಲಸ
ರಂಗೋಲಿ ಮಾತು ಬರುತ್ತೆ ಅಂತ ಕಾಯ್ತಿದ್ದೆ. ಅದು ಇದಕ್ಕೆ ಹೊಂದಲ್ಲ. ರಂಗೋಲಿ ಅಳಿಸಿದ್ರೆ ನಾಳೆ ಬೆಳಗ್ಗೆ ಅದೇ ಕೈ ಮತ್ತೆ ಹಾಕುತ್ತೆ. ಗಣಪತಿ ಮುಂದಿನ ವರ್ಷ ಮತ್ತೆ ಬರ್ತಾನೆ. ಅಲ್ಲಿ ಹೋಗೋದು ವಸ್ತು, ಉಳಿಯೋದು ಅಭ್ಯಾಸ. ಇಲ್ಲಿ ಒಂದೇ ಒಂದು ಇದೆ, ದುಡ್ಡಿಗೆ ಮಾರಿದೆ, ಹೋದರೆ ಹೋಯ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅಗ್ರಹಾರ ಸರ್ಕಲ್
ಈ ಮಾತು ಒಪ್ಪಿದೆ.

ಗಡಿಯಾರ ರಿಪೇರಿ
ಮೇಡಂ, ಕಪ್ಪು ಕಲೆ ಚಕ್ರದ ಸುತ್ತಾನೂ ಇದೆಯಾ, ಬರೀ ಸ್ಪ್ರಿಂಗ್ ಸುತ್ತಾನಾ? ಹಳೇ ಅಲಾರಂ ಗಡಿಯಾರದ ಚಕ್ರ ಹಿತ್ತಾಳೆ. ಅದು ತುಕ್ಕು ಹಿಡಿಯಲ್ಲ, ಹಸಿರು ಕಿಲುಬು ಕಟ್ಟುತ್ತೆ. ಸ್ಪ್ರಿಂಗು, ಅಚ್ಚು, ಸ್ಕ್ರೂ ಉಕ್ಕು. ತುಕ್ಕು ಬರೋದು ಅಲ್ಲಿ ಮಾತ್ರ.

ಸರಸ್ವತಿಪುರಂ ಓದುಗಿ
ಈಗ ಹತ್ತಿರ ಹೋಗಿ ನೋಡಿದೆ. ನೀವು ಹೇಳಿದ ಹಾಗೇ ಇದೆ. ಚಕ್ರದ ಅಂಚಲ್ಲಿ ಹಸಿರು, ಸ್ಪ್ರಿಂಗ್ ಸುತ್ತ ಮಾತ್ರ ಕಪ್ಪು. ಕೆಂಪು ತುಕ್ಕಲ್ಲ, ಶಾಯಿ ಚೆಲ್ಲಿದ ಹಾಗೆ ಕಪ್ಪು.

ಕೆಮಿಸ್ಟ್ರಿ ಮೇಷ್ಟ್ರು
ಶಾಯಿನೇ ಅದು! ಅಡಿಕೆ ಚೊಗರಿನಲ್ಲಿ ಟ್ಯಾನಿನ್ ಅನ್ನೋ ಒಗರಿನ ಅಂಶ ಇದೆ. ಕಬ್ಬಿಣದ ಲವಣ ಟ್ಯಾನಿನ್ ಜೊತೆ ಸೇರಿದರೆ ಕಡುಗಪ್ಪು. ಹಿಂದೆ ಬರೆಯೋ ಶಾಯಿ ಮಾಡ್ತಿದ್ದದ್ದು ಇದೇ ತತ್ವದಲ್ಲಿ. ಕಲಂಕಾರಿಯವರು ಕಪ್ಪು ಬಣ್ಣಕ್ಕೆ ತುಕ್ಕು ಕಬ್ಬಿಣವನ್ನ ಬೆಲ್ಲದ ನೀರಲ್ಲಿ ಹುಳಿ ಬರಿಸಿ, ಅಳಲೆಕಾಯಿ ಹಾಕಿದ ಬಟ್ಟೆ ಮೇಲೆ ಬರೀತಾರೆ. ಈ ಹುಡುಗಿ ಒಂದೇ ಹಲಗೆ ಮೇಲೆ ಕಬ್ಬಿಣ, ಬೆಲ್ಲ, ಚೊಗರು ಮೂರನ್ನೂ ಇಟ್ಟಿದ್ದಾಳೆ. ಮಳೆಗಾಲದ ತೇವಕ್ಕೆ ಉಳಿದ ಕೆಲಸ ಬಿಟ್ಟಿದ್ದಾಳೆ. ಆಕಸ್ಮಿಕ ಅಂತ ನನಗಂತೂ ಅನ್ನಿಸಲ್ಲ.

ಈಗ ಅರಿಶಿನ. ಅದರ ಬಣ್ಣ ಕುರ್ಕ್ಯುಮಿನ್‌ನಿಂದ. ಬೆಳಕು ಬಿದ್ದರೆ ಆ ಅಣು ಒಡೆಯುತ್ತೆ, ಬಣ್ಣ ಹೋಗುತ್ತೆ. ಅರಿಶಿನದ ಕಲೆ ಆದ ಬಟ್ಟೆಯನ್ನ ಬಿಸಿಲಿಗೆ ಹರಡೋದು ಅದಕ್ಕೇ. ಸುಣ್ಣ ಸೇರಿದರೆ ಕ್ಷಾರಕ್ಕೆ ಅದೇ ಅಣು ಕೆಂಪಾಗುತ್ತೆ. ಆದರೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಸೀಮೆಸುಣ್ಣದ ಜಾತಿಗೆ ಬರುತ್ತೆ, ಕ್ಷಾರ ಇಳಿಯುತ್ತೆ, ಕೆಂಪೂ ಇಳಿಯುತ್ತೆ. ಅಂದ್ರೆ ಹಳದಿ ಹೋಗೋದು ಬೆಳಕಿಂದ, ಕೆಂಪು ಹೋಗೋದು ಬೆಳಕಿನ ಜೊತೆಗೆ ಗಾಳಿಯಿಂದಲೂ. ಎರಡರ ವೇಗ ಬೇರೆ, ಮುಟ್ಟೋ ಜಾಗ ಒಂದೇ. ಇನ್ನು ಕೆಲವು ವರ್ಷಕ್ಕೆ ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ ತಿಳಿ ಕಂದು ಸೂರ್ಯ. ಮೇಡಂ, ನೀವು ಕೊಂಡಿರೋದು ಎರಡು ನೋಟಗಳ ನಡುವಿನ ವ್ಯತ್ಯಾಸ ಕರಗೋದನ್ನ. ನೀವು ಹಳದಿ ಮತ್ತೆ ಬಳಿಸಿದರೆ ಒಂದು ಕಡೆ ಮೊದಲಿಗೆ ವಾಪಸ್ ಹೋಗುತ್ತೆ, ಇನ್ನೊಂದು ಕಡೆ ಮುಂದೆ ಹೋಗಿರುತ್ತೆ. ಕೃತಿ ಸುಳ್ಳು ಸಮಯ ಹೇಳೋಕೆ ಶುರು ಮಾಡುತ್ತೆ.

ಕಾವಾ ಹಳೇ ವಿದ್ಯಾರ್ಥಿನಿ
ಮೇಷ್ಟ್ರೇ! ಇದು ಓದಿ ಮೈ ಜುಂ ಅಂತು. ಫೆಲಿಕ್ಸ್ ಗೊನ್ಜಾಲೆಜ್ ಟೊರೆಸ್ ಅನ್ನೋರು ಎರಡು ಗೋಡೆ ಗಡಿಯಾರ ಅಕ್ಕಪಕ್ಕ ಇಟ್ಟು ಒಂದೇ ಸಮಯಕ್ಕೆ ಹೊಂದಿಸಿ ಬಿಟ್ಟರು. ಬ್ಯಾಟರಿ ಕುಗ್ಗಿದ ಹಾಗೆ ಒಂದು ಮುಂದೆ, ಒಂದು ಹಿಂದೆ. ಅಲ್ಲಿ ಒಂದಾಗಿದ್ದದ್ದು ಬೇರೆಯಾಗುತ್ತೆ. ಇಲ್ಲಿ ಬೇರೆಯಾಗಿದ್ದದ್ದು ಒಂದಾಗುತ್ತೆ.

ದೊಡ್ಡ ಗಡಿಯಾರ
ಎರಡು ಗಡಿಯಾರ ಅಂದ ಮೇಲೆ ನಾನು ಬರಲೇಬೇಕು. ನಮ್ಮೂರಲ್ಲೇ ಎರಡಿದೆ. ಚಿಕ್ಕ ಗಡಿಯಾರ 1886ರದ್ದು, ಡಫರಿನ್ ಹೆಸರಲ್ಲಿ. ದೊಡ್ಡ ಗಡಿಯಾರ 1927, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆ ನೌಕರರು ಸೇರಿ ಕಟ್ಟಿಸಿದ್ದು, ಮುಖದ ಮೇಲೆ ಕನ್ನಡ ಅಂಕಿ. ಆ ಅಂಕಿ ನೋಡಿ ಗಂಟೆ ಹೇಳೋಕೆ ಎಷ್ಟು ಮಕ್ಕಳಿಗೆ ಬರುತ್ತೆ ಈಗ?

ಕುಕ್ಕರಹಳ್ಳಿ ವಾಕಿಂಗ್
ಜಗನ್ಮೋಹನ ಅರಮನೆಯ ಫ್ರೆಂಚ್ ಗಡಿಯಾರ ಬಿಟ್ರಲ್ಲ, ಪುಟಾಣಿ ಸಿಪಾಯಿಗಳು ಮೆರವಣಿಗೆ ಹೋಗೋದು. ಚಿಕ್ಕವರಿದ್ದಾಗ ಅದನ್ನ ನೋಡೋಕೇ ಹೋಗ್ತಿದ್ವಿ. ಅಲ್ಲೇ ಕತ್ತಲೆ ಕೋಣೇಲಿ ರವಿವರ್ಮನ ದೀಪದ ಹೆಂಗಸಿನ ಚಿತ್ರ.

ಗೆಸ್ಸೊ ಕೆಲಸ
ಅದು ರವಿವರ್ಮನದ್ದಲ್ಲ ಸ್ವಾಮಿ. ಎಸ್. ಎಲ್. ಹಲ್ದಂಕರ್ ಅವರ ಜಲವರ್ಣ, 1940ರ ದಶಕದ್ದು. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಮೈಸೂರಿನವರೇ ಹೀಗಂದ್ರೆ ಹೇಗೆ?

ಆದರೆ ಆ ಚಿತ್ರ ಇಲ್ಲಿಗೆ ಸರಿಯಾದ ಉದಾಹರಣೆ. ಜಲವರ್ಣ ಬೆಳಕಿಗೆ ತುಂಬಾ ನಾಜೂಕು. ಕಾಗದದ ಮೇಲಿನ ಕೃತಿಗಳಿಗೆ ಮ್ಯೂಸಿಯಂನವರು ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಮೇಲೆ ಬೆಳಕು ಬಿಡಲ್ಲ. ಆ ಕೋಣೆಯ ಮಬ್ಬಿನಲ್ಲಿ ದೀಪ ಹೊತ್ತಿಕೊಂಡಿದೆ ಅನ್ನಿಸುತ್ತೆ, ಅದೇ ಮಬ್ಬು ಬಣ್ಣವನ್ನೂ ಕಾಯುತ್ತೆ. ಮೇಷ್ಟ್ರು ಹೇಳಿದ್ದರಿಂದ ಮತ್ತೆ ಬಳಿಸೋದು ಬೇಡ ಅನ್ನೋದಕ್ಕೆ ಒಪ್ತೀನಿ. ಆದರೆ ಪಶ್ಚಿಮದ ಬಿಸಿಲಿಗೆ ಒಡ್ಡಿ ಬೇಗ ಮುಗಿಸೋದು ಕಲೆಗೆ ಮಾಡೋ ಮರ್ಯಾದೆ ಅಲ್ಲ.

ಬೆಲ್ಲದೂರು
ಎಲ್ಲ ಅರಿಶಿಣದ್ ಮ್ಯಾಲೇ ಮಾತಾಡ್ತಾವ್ರೆ, ಬೆಲ್ಲದ್ ಕತೆ ಯಾರೂ ಕೇಳ್ನಿಲ್ವಲ್ಲ. ನಾನು ಮಂಡ್ಯದೋನು, ನಮ್ದೂ ಆಲೆಮನೆ ಇತ್ತು. ಅಕ್ಕಾ, ಆ ಬೆಲ್ಲ ತಂದಾಗ ಯಾವ್ ಬಣ್ಣ ಇತ್ತು, ಈಗ ಯಾವ್ ಬಣ್ಣ ಅದೆ ಯೋಳಿ.

ಸರಸ್ವತಿಪುರಂ ಓದುಗಿ
ತಂದಾಗ ಹೊಂಬಣ್ಣ, ಚೆನ್ನಾಗಿ ಹೊಳೀತಿತ್ತು. ಈಗ ಕಾಫಿ ಡಿಕಾಕ್ಷನ್ ಬಣ್ಣ.

ಬೆಲ್ಲದೂರು
ಅಂಗಾರೆ ಅದು ಹೈಡ್ರಾಸ್ ಹಾಕಿದ್ ಬೆಲ್ಲ ಇರ್ಬೋದು ಕನಕ್ಕಾ. ಪಾಕಕ್ಕೆ ಹೈಡ್ರಾಸ್ ಹಾಕುದ್ರೆ ಬೆಳ್ಳಗೆ ಹಳದಿ ಬತ್ತದೆ, ಅಂಗಡೀಲಿ ಬೇಗ ಹೋಯ್ತದೆ. ಆದ್ರೆ ಇಟ್ಕಂಡ್ರೆ ಆ ಬಣ್ಣ ನಿಲ್ಲಕಿಲ್ಲ, ದಿನ ಕಳದಂಗೆ ಕಪ್ಗಾಯ್ತದೆ. ಏನೂ ಹಾಕ್ದೆ ಇಳ್ಸಿದ್ ಬೆಲ್ಲ ಮೊದಲ್ನಿಂದ್ಲೇ ಕಪ್ಪು. ಈಗ ಕೆಲವು ಕಡೆ ಸಕ್ಕರೆ ಬೆರ್ಸಿ ಬೆಲ್ಲ ಅಂತ ಮಾರ್ತಾವ್ರೆ, ಅದ್ರಿಂದ ಸರಿಯಾಗಿ ಮಾಡೋರ ಹೊಟ್ಟೆ ಮ್ಯಾಲೆ ಹೊಡ್ತ. ಕಬ್ಬು ಬೆಳ್ದು, ಅರದು, ಒಲೆ ಮುಂದೆ ಬೆಂದು ಇಳ್ಸೋನಿಗೆ ಸಿಗೋದು ಏನು ಅಂತ ಯಾರೂ ಕೇಳಕಿಲ್ಲ.

ತೇವ ಎಳ್ಕಳೋದು ಬೆಲ್ಲದ್ ಗುಣ. ಮಳೆಗಾಲ್ದಲ್ಲಿ ಬೆವರ್ತದೆ, ಬ್ಯಾಸ್ಗೇಲಿ ಮತ್ತೆ ಗಟ್ಟಿ ಆಯ್ತದೆ. ಅದುಕ್ಕೆ ಹೆದ್ರಬ್ಯಾಡಿ. ಇರುವೆ ಬಂದ್ರೆ ಮಾತ್ರ ಬುಡಬ್ಯಾಡಿ.

ಪಾಂಡವಪುರ
ಬೆಲ್ಲದ ವಿಷಯ ತೆಗೆದಿದ್ದು ಒಳ್ಳೇದಾಯ್ತು ಅಣ್ಣ. ನಮ್ಮೂರ ಕಡೆ ಎಷ್ಟು ಆಲೆಮನೆ ಮುಚ್ಚಿ ಹೋದವು, ಬರೆದರೆ ಪುಟ ಸಾಲಲ್ಲ.

ಕಾವಾ ಹಳೇ ವಿದ್ಯಾರ್ಥಿನಿ
ಬೆಲ್ಲದ ಕಷ್ಟಕ್ಕೇ ಬೇರೆ ಚರ್ಚೆ ಶುರು ಮಾಡಿ ಅಣ್ಣ, ಖಂಡಿತ ಬರ್ತೀನಿ. ಆದರೆ ಆ ಪಟ್ಟಿ ಬಗ್ಗೆ ನೀವು ಹೇಳಿದ್ದು ತುಂಬಾ ಮುಖ್ಯ. ಕಣ್ಣಿಗೆ ಚೆಂದ ಕಂಡ ಬಣ್ಣ ತಾತ್ಕಾಲಿಕ, ಕಪ್ಪೇ ಅದರ ನಿಜ ಬಣ್ಣ. ಆಕೆ ಬೇಕಂತಲೇ ಆ ಬೆಲ್ಲ ಆರಿಸಿಕೊಂಡಳಾ ಅಂತ ಕೇಳಬೇಕು.

ಪಾಂಡವಪುರ
ಕಾಲ, ಮರೆಯಾಗೋದು ಅಂದಾಗ ನನಗೆ ನೆನಪಾಗೋದು ಕನ್ನಂಬಾಡಿ. ಕೆಆರ್‌ಎಸ್ ಕಟ್ಟಿದಾಗ ಹಳೇ ಊರು ಮುಳುಗಿತು, ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಬರ ಬಿದ್ದು ನೀರು ಇಳಿದ ವರ್ಷ ಕಲ್ಲುಕಂಬ ಮೇಲೆ ಬರ್ತಿತ್ತು, ಜನ ಜಾತ್ರೆ ಥರ ಹೋಗ್ತಿದ್ರು. ನಮ್ಮ ತಾತ ಅದನ್ನ ನೋಡಿ ಅತ್ತಿದ್ದು ನಾನು ನೋಡಿದೀನಿ. ಆಮೇಲೆ ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಈಗ ಯಾವಾಗ ಹೋದರೂ ಸಿಗುತ್ತೆ, ಪೂಜೆ ನಡೆಯುತ್ತೆ, ಒಳ್ಳೆಯದೇ. ಆದರೆ ನೀರು ಇಳಿಯಲಿ ಅಂತ ಕಾದು ನೋಡ್ತಿದ್ದ ನೋಟ ಅದಲ್ಲ.

ಕಾವಾ ಹಳೇ ವಿದ್ಯಾರ್ಥಿನಿ
ಅಮೆರಿಕದ ಯೂಟಾದಲ್ಲಿ ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಉಪ್ಪಿನ ಸರೋವರದೊಳಗೆ ಕಲ್ಲು, ಮಣ್ಣಿನಿಂದ ಸುರುಳಿ ದಂಡೆ ಕಟ್ಟಿದ. ಸ್ವಲ್ಪ ವರ್ಷಕ್ಕೆ ಮುಳುಗಿತು. ದಶಕಗಳು ಕಳೆದು ಬರಗಾಲದಲ್ಲಿ ಮೇಲೆ ಬಂತು, ಕಪ್ಪು ಕಲ್ಲಿಗೆ ಬಿಳಿ ಉಪ್ಪು ಕಟ್ಟಿತ್ತು. ಅದನ್ನ ಎತ್ತರಿಸಬೇಕಾ ಬೇಡವಾ ಅಂತ ಅಲ್ಲೂ ವಾದ ಆಯ್ತು.

ಶ್ರೀರಂಗಪಟ್ಟಣ ಕೋಟೆ
ಮತ್ತೆ ಬಳಿಸೋರಿಗೆ ನಮ್ಮೂರಿನ ಟಿಪ್ಪು ಅರಮನೆ ದರಿಯಾ ದೌಲತ್ ನೋಡಿ ಅಂತೀನಿ. ಕಟ್ಟಿದ್ದು 1784. ಗೋಡೆ ಮೇಲಿನ ಯುದ್ಧದ ಚಿತ್ರಗಳು ಮೊದಲು ಬರೆದ ಹಾಗೇ ಉಳಿದಿಲ್ಲ. ಅಳಿಸಿ ಹಾಳಾಗಿದ್ದನ್ನ 19ನೇ ಶತಮಾನದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಮೊದಲ ಚಿತ್ರ ಯಾವುದು, ಆಮೇಲಿನದು ಯಾವುದು ಅಂತ ಪ್ರವಾಸಿಗರಿಗೆ ತಿಳಿಯೋದೇ ಇಲ್ಲ. ಹಾಗಂತ ಬರೆಸದೇ ಇದ್ದಿದ್ರೆ ನಮಗೆ ಏನೂ ಸಿಗ್ತಿರಲಿಲ್ಲ. ನಾನು ಬರೆಸಿದ್ದು ಸರಿ ಅನ್ನೋ ಪಕ್ಷ.

ಅಗ್ರಹಾರ ಸರ್ಕಲ್
ಅಲ್ಲಿ ಬರೆದವರು ಯಾರೂ ಬದುಕಿರಲಿಲ್ಲ ಕೇಳೋಕೆ. ಇಲ್ಲಿ ಹುಡುಗಿ ಬದುಕಿದ್ದಾಳೆ, ಬೇಡ ಅಂತಿದ್ದಾಳೆ. ಎಷ್ಟು ವ್ಯತ್ಯಾಸ!

ಕೋರ್ಟ್ ರಸ್ತೆ
ಕಾನೂನಿನ ಮಾತು ಒಂದು ಹೇಳ್ತೀನಿ, ಮೇಡಂ ಅವರ ಯಜಮಾನರಿಗೆ ತೋರಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ ಕೃತಿ ಮಾರಿದ ಮೇಲೂ ಕಲಾವಿದರಿಗೆ ಒಂದು ಹಕ್ಕು ಉಳಿಯುತ್ತೆ. ಅವರ ಗೌರವಕ್ಕೆ ಕುಂದು ಬರೋ ಹಾಗೆ ಕೃತಿಯನ್ನ ತಿರುಚಿದರೆ, ಬದಲಿಸಿದರೆ ಕೇಳಬಹುದು. ಅಮರ್‌ನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ ಕಂಚಿನ ಭಿತ್ತಿಶಿಲ್ಪವನ್ನ 1979ರಲ್ಲಿ ಕಿತ್ತು ಹಾಕಿದ್ದಕ್ಕೆ, 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನ ಕಲಾವಿದರಿಗೆ ವಾಪಸ್ ಕೊಡಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು. ಅರಿಶಿನ ಬಳಿಸಿದ ತಕ್ಷಣ ಕೇಸ್ ಆಗುತ್ತೆ ಅಂತಲ್ಲ. ಬೇರೆಯವರ ಕೈ ಹಾಕಿಸೋ ಮೊದಲು ಆಕೆ ಒಪ್ಪಿಗೆ ತಗೊಳ್ಳೋದು ಒಳ್ಳೇದು.

ಸರಸ್ವತಿಪುರಂ ಓದುಗಿ
ಎಲ್ಲರಿಗೂ ಧನ್ಯವಾದ. ಹುಡುಗಿಗೆ ಮತ್ತೆ ಫೋನ್ ಮಾಡಿದ್ದೆ, ಸ್ಪೀಕರ್ ಹಾಕಿ, ಯಜಮಾನರೂ ಪಕ್ಕದಲ್ಲೇ ಕೂತಿದ್ರು. ಮೇಷ್ಟ್ರು ಹೇಳಿದ್ದನ್ನ ಓದಿ ಹೇಳಿದೆ. ಖುಷಿಯಿಂದ ಕೂಗಿದಳು! ಎರಡು ಕಡೆ ಬಣ್ಣ ಒಂದಾಗಲಿ ಅನ್ನೋದೇ ಅವಳ ಯೋಚನೆ. ಸುಣ್ಣದ ಪ್ರಮಾಣ ಬದಲಿಸಿ ಬದಲಿಸಿ ಹಲಗೆ ಚೂರುಗಳ ಮೇಲೆ ಪರೀಕ್ಷೆ ಮಾಡಿದ್ದಳಂತೆ. ಕಪ್ಪು ಶಾಯಿನೂ ಗೊತ್ತಿದ್ದೇ ಮಾಡಿದ್ದು. ಬೆಲ್ಲ ಮಾತ್ರ ಅಂಗಡಿಯಲ್ಲಿ ಸಿಕ್ಕಿದ್ದು ತಂದಳಂತೆ, ಅದರ ಕಥೆ ಗೊತ್ತಿರಲಿಲ್ಲ. ಬೆಲ್ಲದೂರು ಅಣ್ಣನ ಆಲೆಮನೆಗೆ ಬರಬೇಕಂತೆ.

ಗಾಜು ಕೇಳಿದೆ. ಇರುವೆ, ಧೂಳಿಗೆ ಅಂತ ಹಾಕಿಸಿ, ಬಣ್ಣ ನಿಲ್ಲಿಸೋಕೆ ಅಂತ ಬೇಡ ಅಂದಳು. ಯಜಮಾನರು, "ಮೊದಲೇ ಹೀಗಂತ ಒಂದು ಚೀಟಿ ಬರೆದು ಕೊಡಬಾರದಿತ್ತೇನಮ್ಮ?" ಅಂತ ಕೇಳಿದ್ರು. ಬರೆದು ಕಳಿಸ್ತೀನಿ ಅಂಕಲ್ ಅಂದಿದ್ದಾಳೆ.

ಗೆಸ್ಸೊ ಕೆಲಸ
ಪರೀಕ್ಷೆ ಮಾಡಿ ಪ್ರಮಾಣ ಹಿಡಿದಿದ್ದಾಳೆ ಅಂದ್ರೆ ಕೆಲಸ ಗೊತ್ತಿರೋಳು. ಒಪ್ಪಿದೆ. ಆದರೆ ಯಜಮಾನರು ಕೇಳಿದ್ದು ಸರಿಯಾಗಿದೆ. ಮಾಸುತ್ತೆ ಅನ್ನೋದನ್ನ ಮಾರೋ ದಿನವೇ ಕೊಳ್ಳೋರಿಗೆ ಹೇಳಬೇಕು. ಈ ಮಾತಿಂದ ನಾನು ಹಿಂದೆ ಸರಿಯಲ್ಲ.

ಕಾವಾ ಹಳೇ ವಿದ್ಯಾರ್ಥಿನಿ
ಅದರಲ್ಲಿ ಎರಡು ಮಾತಿಲ್ಲ ಸರ್. ಯಾವ ಸಾಮಗ್ರಿ, ಏನು ಬದಲಾಗುತ್ತೆ, ಯಾವುದನ್ನ ತಡೀಬೇಕು, ಯಾವುದನ್ನ ಬಿಡಬೇಕು, ಎಲ್ಲ ಕೃತಿಯ ಹಿಂದೆಯೇ ಬರೆದು ಅಂಟಿಸಬೇಕು. ಕಾಲಕ್ಕೆ ಬಿಟ್ಟಿದ್ದು ಬೇರೆ, ಸೋರೋ ಗೋಡೆಗೆ, ಗೆದ್ದಲಿಗೆ ಬಿಟ್ಟಿದ್ದು ಬೇರೆ.

ಕೆಮಿಸ್ಟ್ರಿ ಮೇಷ್ಟ್ರು
ಒಂದು ಸಲಹೆ. ದಿನಾ ನೋಡೋ ಕಣ್ಣಿಗೆ ನಿಧಾನದ ಬದಲಾವಣೆ ಕಾಣಲ್ಲ. ವರ್ಷಕ್ಕೊಂದು ಸಲ, ಅದೇ ಜಾಗದಿಂದ, ಅದೇ ಹೊತ್ತಿನ ಬೆಳಕಲ್ಲಿ ಎಡದಿಂದ, ಎದುರಿಂದ, ಬಲದಿಂದ ಫೋಟೋ ತೆಗೆದಿಡಿ. ಪಕ್ಕದಲ್ಲಿ ಬಣ್ಣ ಅಳೆಯೋ ಕಾರ್ಡ್ ಇಡಿ, ಇಲ್ಲದಿದ್ರೆ ಮೊಬೈಲ್ ತಾನೇ ಬಣ್ಣ ತಿದ್ದಿಬಿಡುತ್ತೆ, ಹೋಲಿಸೋಕಾಗಲ್ಲ. ಬಲ್ಬ್ ಬದಲಿಸಿದರೂ ಹಳದಿ ಬೇರೆ ಥರ ಕಾಣುತ್ತೆ, ಅದಕ್ಕೇ ಹಗಲಲ್ಲೇ ತೆಗೀರಿ.

ಸರಸ್ವತಿಪುರಂ ಓದುಗಿ
ಯುಗಾದಿ ದಿನ ತೆಗೀತೀವಿ ಅಂತ ಯಜಮಾನರೇ ಹೇಳಿದ್ರು, ಪಂಚಾಂಗದ ಹಾಳೆ ಅಲ್ವಾ ಅಂತ. ಪಶ್ಚಿಮದ ಕಿಟಕಿಯಿಂದ ತೆಗೆದು ಓಣಿ ಗೋಡೆಗೆ ಹಾಕ್ತೀವಿ. ಅಲ್ಲಿ ಎರಡು ಕಡೆಯಿಂದಲೂ ನಡ್ಕೊಂಡು ಬರಬಹುದು.

ಗಡಿಯಾರ ರಿಪೇರಿ
ಆ ಹಸಿರು ಕಿಲುಬನ್ನ ಯಾರಾದ್ರೂ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಾರು, ಮನೆ ಕೆಲಸದವರಿಗೆ ಹೇಳಿಡಿ.

ಬೆಲ್ಲದೂರು
ಅಕ್ಕಾ, ಆ ಹುಡುಗೀನ ಆಲೆ ಆಡೋ ಕಾಲ್ದಲ್ಲಿ ಕರ್ಕಂಡ್ ಬನ್ನಿ. ನಮ್ದು ನಿಂತೋಗಿದೆ, ಪಕ್ಕದೂರಲ್ಲಿ ಇನ್ನೂ ನಡೀತದೆ. ಏನೂ ಹಾಕ್ದಿರೋ ಬೆಲ್ಲ ಕೊಡುಸ್ತೀನಿ.

ಗೆಸ್ಸೊ ಕೆಲಸ
ಗಾಜು ಹಾಕಿಸುವಾಗ ಚೌಕಟ್ಟಿನವರಿಗೆ ಹೇಳಿ: ಮಡಿಕೆಗೂ ಗಾಜಿಗೂ ಒಂದು ಅಂಗುಲವಾದರೂ ಅಂತರ ಇರಲಿ, ಬೆಲ್ಲ ತಾಗಬಾರದು. ಹಿಂಬದಿ ಪೂರ್ತಿ ಮುಚ್ಚಬೇಡಿ, ಗಾಳಿ ಆಡೋಕೆ ಸಣ್ಣ ಜಾಲರಿ ಬಿಡಿಸಿ. ಒಳಗೆ ತೇವ ನಿಂತರೆ ಬೂಷ್ಟು ಹಿಡಿಯುತ್ತೆ.

ಸರಸ್ವತಿಪುರಂ ಓದುಗಿ
ಜಾಲರಿ ಎಷ್ಟು ಸಣ್ಣದು ಇರಬೇಕು ಸರ್? ಇರುವೆ ನುಗ್ಗಬಾರದಲ್ಲ.

ಗೆಸ್ಸೊ ಕೆಲಸ
ಸೊಳ್ಳೆ ಪರದೆ ಜಾಲರಿ ಎರಡು ಪದರ ಹಾಕಿಸಿ ಮೇಡಂ, ಸಾಕು. ಚೌಕಟ್ಟು ಆದ ಮೇಲೆ ಒಂದು ಫೋಟೋ ಹಾಕಿ, ಬಲಗಡೆಯಿಂದಲೂ ತೆಗೆದು ಹಾಕಿ. ನನಗೂ ನೋಡಬೇಕು.